ಹುಡುಕಿದರೆ ಮಾಸುಮಬಿ ಸಿಗಬೇಕು

ಸಾಬೀರಾಳಿಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನಳದ ಮುಂದೆ ತನ್ನ ಕೊಡ ಸರಿಸಿದವಳೊಬ್ಬಳನ್ನು ಆಕೆ ಮುಂದಿನ ರಮಜಾನ್ ಬರುವತನಕ ಮಾತಾಡಿಸಿರಲಿಲ್ಲ. ಬರೀ ಕೊಡಕ್ಕೆ ಇಷ್ಟಾದರೆ, ಅಂಥವಳ ತಾಯಿಯನ್ನೇ ಕದ್ದರೆ ಏನಾದೀತು ಎಂದು ಬೆಟಗೇರಿಯ ಶಿವಯೋಗಿ ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಅನುಭವಿಸಿದ. ನಾನು ಸಾಬೀರಾಳ ಎದುರುಮನೆಯವನು. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ, ಹೇಳುವಾಗ ನನಗಾಗುವ ಖುಷಿಯನ್ನೂ ಮುಚ್ಚಿಡುವುದಿಲ್ಲ.

ಸಾಬೀರಾ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ದಾರ ಎಳೆಯುತ್ತ ಬರಬೇಕು. ಆಕೆಗೆ ಇದನ್ನು ಕಲಿಸಿದವಳು ತಾಯಿ ಮಾಸುಮಬಿ. ಕಡೆಯ ಮೂಲೆಯನ್ನು ಮುಚ್ಚುವ ಮುಂಚೆ ಮಾಸುಮಬಿ ಒಳಗೆ ಖಡಕ್ ರೊಟ್ಟಿಯ ಒಂದು ಚೂರು ಇಡುತ್ತಿದ್ದಳು. ಯಾಕೆಂದು ಕೇಳಿದರೆ, “ಕೌದಿಗೂ ಹೊಟ್ಟಿ ಐತವಾ, ಉಪಾಸ ಕಳಸಬಾರ್ದು” ಎನ್ನುತ್ತಿದ್ದಳು. ತಂಗಿ ಅಮೀರಾ ಶಿರಹಟ್ಟಿಗೆ ಸೊಸೆಯಾಗಿ ಹೋದವಳು, ಅಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತಾಳೆ. ಅಕ್ಕ ಹೊಲಿದ ಕೌದಿ ಮಾರಲೆಂದು ಒಂದು ಸಣ್ಣ ಆನ್‌ಲೈನ್ ಅಂಗಡಿಯನ್ನು ಕಟ್ಟಿಕೊಟ್ಟವಳು ಅವಳೇ. “ಕೌದಿ ಸಿಗುತ್ತವೆ” ಎಂದು ಒಂದು ಸಾಲು, ಕೆಳಗೆ ಫೋನ್ ನಂಬರು. ಅಂಗಡಿ ಎಂದರೆ ಅಷ್ಟೇ.

ಶಿವಯೋಗಿಗೆ ಬೆಟಗೇರಿಯಲ್ಲಿ ಚಾದರ, ಬೆಡ್‌ಶೀಟಿನ ವ್ಯಾಪಾರ. ಮಾಸುಮಬಿ ಬದುಕಿದ್ದಾಗ ಗಿರಾಕಿಯಾಗಿ ಒಮ್ಮೆ ಬಂದಿದ್ದ. ಎರಡು ಕೌದಿ ಕೊಂಡ. “ಅವ್ವಾರ, ನೀವು ಹೊಲಿಯೂದು ಒಂದು ಫೋಟೋ ತಗೋತೀನ್ರಿ, ನನ್ನ ನೆನಪಿಗೆ” ಎಂದ. ಮುದುಕಿ ಖುಷಿಯಾಗಿ ಮುಖ ತೊಳೆದು, ಹಸಿರು ಸೀರೆ ಉಟ್ಟು, ಸೆರಗು ಸರಿ ಮಾಡಿಕೊಂಡು ಸೂಜಿ ಹಿಡಿದು ಕುಳಿತಳು. ಆ ಚಳಿಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡಳು.

ಆಮೇಲೆ ಒಂದು ದಿನ ಅಮೀರಾ ಶಿರಹಟ್ಟಿಯಿಂದ ಬಂದು, ಬಾಗಿಲಲ್ಲೇ ನಿಂತು, “ಆಪಾ, ಇದನ್ನ ನೋಡು” ಎಂದು ಅಕ್ಕನ ಕೈಗೆ ಫೋನು ಕೊಟ್ಟಳು. ಲಕ್ಷ್ಮೇಶ್ವರದ ಕೌದಿ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುತ್ತಿದ್ದದ್ದು ಶಿವಯೋಗಿಯ ಅಂಗಡಿ. ಮಾರುತ್ತಿದ್ದದ್ದು ಕೌದಿಯ ಚಿತ್ತಾರ ಅಚ್ಚೊತ್ತಿದ ಮಶೀನ್ ಚಾದರ. ಅಂಗಡಿಯ ನೆತ್ತಿಯ ಮೇಲೆ ಮಾಸುಮಬಿ ಹಸಿರು ಸೀರೆಯಲ್ಲಿ ಸೂಜಿ ಹಿಡಿದು ನಗುತ್ತಿದ್ದಾಳೆ. ಕೆಳಗೆ ಬರೆದಿತ್ತು: “ನಮ್ಮ ತಾಯಿಯವರ ಕೈಹೊಲಿಗೆ.” ಸಾಬೀರಾಳ ಅಂಗಡಿ ಎಲ್ಲಿದೆ ಎಂದು ಬೆರಳಿನಿಂದ ತಳ್ಳುತ್ತ ಹೋದರೆ ಬೆರಳು ಸೋಲಬೇಕು, ಅಷ್ಟು ಕೆಳಗೆ ಬಿದ್ದಿತ್ತು.

ಸಾಬೀರಾ ಶಿವಯೋಗಿಗೆ ಫೋನು ಮಾಡಿದಳು. ಆತ ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದ: “ಅಕ್ಕಾರ, ಫೋಟೋ ತಗದಾಂವ ನಾನು. ಫೋನ್ ನಂದು. ನಿಮ್ಮ ತಾಯಿ ಅಂತ ಅದರ ಮ್ಯಾಲ ಬರದೈತೇನ್ರಿ?” ಅಕ್ಕತಂಗಿ ಪೊಲೀಸರಲ್ಲಿ, ವಕೀಲರಲ್ಲಿ ವಿಚಾರಿಸಿದರು. ಹೋದಲ್ಲೆಲ್ಲ ಫೋಟೋ ತೆಗೆದವರು ಯಾರು ಎಂಬುದೇ ಮೊದಲ ಪ್ರಶ್ನೆ. ಉತ್ತರ ಹೇಳಿ ಮನೆಗೆ ಬರಬೇಕಾಯಿತು.

ಸಾಬೀರಾ ಅಳಲಿಲ್ಲ. ತಂಗಿಯನ್ನು ಎದುರು ಕೂರಿಸಿಕೊಂಡು ಹೇಳಿದಳು: “ಯಾರ ಹುಡುಕಿದ್ರೂ ಮೊದಲ ಅಮ್ಮಿ ಸಿಗಬೇಕು. ಅಮ್ಮಿ ಹೆಸರಲೇ ಸಿಗಬೇಕು. ಆ ಭಾಡ್ಯಾ ತಳದಾಗ ಬಿದ್ದು ಯಾರ ಕಣ್ಣಿಗೂ ಕಾಣಬಾರ್ದು. ಅಲ್ಲೀತನ ನನ್ನ ಹೊಟ್ಟಿ ತಣ್ಣಗ ಆಗಂಗಿಲ್ಲ.”

ಅಮೀರಾ ನೋಡೋಣ ಎಂದು ಊರಿಗೆ ಹೋದಳು. ಆದರೆ ಸಾಬೀರಾಳಿಗೆ ನೋಡೋಣ ಎನ್ನುವಷ್ಟು ತಾಳ್ಮೆ ಎಲ್ಲಿಯದು? ಆಕೆಯ ಜೊತೆ ಕೌದಿ ಹೊಲಿಯಲು ಓಣಿಯ ಹನಮಂತವ್ವ, ಮರಿಯವ್ವ ಮತ್ತು ಇನ್ನೂ ಕೆಲವರು ಕೂರುತ್ತಾರೆ. ಎಲ್ಲರೂ ಮಾಸುಮಬಿಯ ಕೈಯಲ್ಲಿ ಪಳಗಿದವರೇ. ಸಂಜೆ ಸೂಜಿ ಕೆಳಗಿಟ್ಟ ಮೇಲೆ ಎಲ್ಲರೂ ತಮ್ಮ ತಮ್ಮ ಫೋನು ತೆಗೆದು ಶಿವಯೋಗಿಯ ಅಂಗಡಿ ತೆರೆಯುವುದು ರೂಢಿಯಾಯಿತು. ಮೊದಲು ಮಾಸುಮಬಿಯ ಮುಖ ನೋಡಿ ಒಂದು ನಿಟ್ಟುಸಿರು. ಆಮೇಲೆ ಶಿವಯೋಗಿಯ ಹೆಸರಿನ ಎದುರು ಹತ್ತೂ ಬೆರಳಿನ ನೆಟಿಗೆ ಮುರಿಯುವುದು. “ನಿನ್ನ ಅಂಗಡಿಗೆ ಬೀಗ ಬೀಳ್ಲಿ!” “ನಿನ್ನ ಬಾಯಾಗ ಮಣ್ಣ ಬೀಳ್ಲಿ!” ಹನಮಂತವ್ವನ ಬೈಗುಳಗಳನ್ನು ನಾನು ಬರೆಯಲಾರೆ. ಸುದ್ದಿ ಬೆಳ್ಳಟ್ಟಿಯ ಬೀಗರಿಗೆ ತಲುಪಿತು, ಹಮ್ಮಿಗಿಯ ನೆಂಟರಿಗೂ ತಲುಪಿತು. ಅಲ್ಲಿನ ಹೆಂಗಸರೂ ಸಂಜೆಯಾದರೆ ಅದೇ ಅಂಗಡಿ ತೆರೆದು ನೆಟಿಗೆ ಮುರಿಯತೊಡಗಿದರು. ಇಷ್ಟು ಶಾಪ ತಿಂದೂ ಶಿವಯೋಗಿ ಮೇಲಿಂದ ಒಂದು ಗೇಣೂ ಇಳಿಯಲಿಲ್ಲ. ನಮಗೆಲ್ಲ ದೇವರ ಮೇಲೇ ಸಂಶಯ ಬರತೊಡಗಿತ್ತು.

ಒಂದು ಸಂಜೆ ಅಮೀರಾ ಬಂದಾಗ ಈ ಪೂಜೆ ನಡೆದಿತ್ತು. ಆಕೆ ಸ್ವಲ್ಪ ಹೊತ್ತು ನೋಡಿ ಹಣೆ ಹಣೆ ಬಡಿದುಕೊಂಡಳು.

“ಏ ಹನಮಂತಕ್ಕಾ, ದಿನಾ ಹಿಂಗ ತಗದು ನೋಡ್ತೀರೇನ?”

“ನೋಡದ ಬೈಯಾಕ ಬರತೈತೇನವಾ?”

“ಬಾಜಾರದಾಗ ಒಂದ ಅಂಗಡಿ ಮುಂದ ದಿನಾ ಇಷ್ಟ ಮಂದಿ ನಿಂತ್ರ ದಾರಿಹೋಕರು ಏನಂತಾರ? ಭಾಳ ಚಲೋ ಅಂಗಡಿ ಅಂತಾರ. ಫೋನಿಗೆ ನಿಮ್ಮ ಬೈಗಳ ಕೇಳಂಗಿಲ್ಲ. ಲಕ್ಷ್ಮೇಶ್ವರದ ಕೌದಿ ಅಂದ್ರ ಇವರಿಗೆ ಇದ ಅಂಗಡಿ ಬೇಕು, ದಿನಾ ಬರತಾರ, ಭಾಳ ಹೊತ್ತು ಕುಂಡ್ರತಾರ ಅಂತ ಅದು ತಿಳಕೊಂಡೈತಿ.”

ಹನಮಂತವ್ವ ಫೋನು ಕೆಳಗಿಟ್ಟು ಕೇಳಿದಳು: “ಹಂಗಾರ ಆತನ್ನ ಹೊತ್ತು ಮೆರಸಿದವರು ನಾವ ಏನ?”

“ನೀವ” ಎಂದಳು ಅಮೀರಾ. ಸಾಬೀರಾ ಅಲ್ಲೇ ಎದ್ದು ಎಲ್ಲರ ಫೋನಿನಿಂದ ಶಿವಯೋಗಿಯನ್ನು ಮುಚ್ಚಿಸಿದಳು. ಬೆಳ್ಳಟ್ಟಿಗೂ ಹಮ್ಮಿಗಿಗೂ ಆ ರಾತ್ರಿಯೇ ಖಬರ ಹೋಯಿತು, ಬೈಯುವುದಿದ್ದರೆ ಬರಿಗೈಯಲ್ಲಿ ಬೈಯಬೇಕು ಎಂದು.

ನಿಜವಾದ ಕೆಲಸ ಆಗ ಶುರುವಾಯಿತು. ಅಮೀರಾಳ ವಿಚಾರ ಸರಳವಾಗಿತ್ತು. ಗಿರಾಕಿಗಳು ಫೋನಿಗೆ ಏನು ಕೇಳುತ್ತಾರೋ ಅದಕ್ಕೆ ಪೂರ್ತಿ ಉತ್ತರ ಯಾರ ಅಂಗಡಿಯಲ್ಲಿದೆಯೋ ಆ ಅಂಗಡಿ ಮೇಲೆ ಬರುತ್ತದೆ. “ಕೌದಿ ಸಿಗುತ್ತವೆ” ಎಂಬ ಒಂದು ಸಾಲು ಯಾರ ಯಾವ ಪ್ರಶ್ನೆಗೂ ಉತ್ತರವಲ್ಲ. ಹಾಗಾಗಿ ಸಂಜೆ ಬೈಯುತ್ತಿದ್ದ ಬಾಯಿಗಳು ಈಗ ಹೇಳತೊಡಗಿದವು, ಅಮೀರಾ ಬರೆದುಕೊಂಡಳು. ತೊಟ್ಟಿಲ ಕೌದಿಗೆ ಎಂಥ ಸೀರೆ ಬೇಕು, ಬಾಣಂತಿಯ ಕೌದಿ ಎಷ್ಟು ದಪ್ಪ ಇರಬೇಕು, ಒಗೆದರೆ ಬಣ್ಣ ಬಿಡದಂತೆ ಏನು ಮಾಡಬೇಕು, ತೀರಿಹೋದವರ ಸೀರೆಯಿಂದ ಕೌದಿ ಹೊಲಿಸಬಹುದೋ ಇಲ್ಲವೋ. ಒಂದೊಂದು ಪ್ರಶ್ನೆಗೂ ಒಂದೊಂದು ಪುಟ. ಒಂದೊಂದು ಕೌದಿಗೂ ಅದನ್ನು ಹೊಲಿದವಳ ಹೆಸರು. ಮನೆ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿದರು. ಕೊಂಡವರಿಗೆ ಫೋನು ಮಾಡಿ, ಹೊದ್ದು ನೋಡಿ ಮನಸ್ಸಿಗೆ ಬಂದದ್ದನ್ನು ಬರೆಯಿರಿ ಎಂದು ಕೇಳಿಕೊಂಡರು. ಮುಂಡರಗಿಯ ಒಬ್ಬ ಬಾಣಂತಿ ಬರೆದ ನಾಲ್ಕು ಸಾಲನ್ನು ಸಾಬೀರಾ ನನ್ನಿಂದ ಮತ್ತೆ ಮತ್ತೆ ಓದಿಸಿದಳು.

ರೊಟ್ಟಿಚೂರಿನ ಪುಟ ಬರೆಯುವಾಗ ಅಮೀರಾ ಅನುಮಾನಿಸಿದಳು. “ಆಪಾ, ನಾವು ಬರದದ್ದನ್ನೆಲ್ಲ ಆತ ಕದ್ದು ಹಾಕ್ಕೋತಾನ. ಇದನ್ನೂ ಕದೀತಾನ.”

“ಕದೀಲಿ” ಎಂದಳು ಸಾಬೀರಾ. “ಇದನ್ನ ಕದೀಲಂತನ ಬರಿ. ಚಂದಾಗಿ ಬರಿ.”

ಶಿವಯೋಗಿ ಕದ್ದ. ನಮ್ಮ ಪ್ರತಿ ಕೌದಿಯ ಮೂಲೆಯಲ್ಲೂ ತಾಯಿಯವರು ರೊಟ್ಟಿಯ ಚೂರು ಇಟ್ಟಿರುತ್ತಾರೆ ಎಂದು ತನ್ನ ಚಾದರಗಳ ಕೆಳಗೆ ಬರೆದುಕೊಂಡ. ಕೊಂಡವರು ಸುಮ್ಮನಿರುತ್ತಾರೆಯೇ? ಮೂಲೆ ಬಿಚ್ಚಿ ನೋಡಿದರು. ಒಂದೇ ಪದರಿನ ಚಾದರ, ಒಳಗೆ ಎಂಬುದೇ ಇಲ್ಲ. “ರೊಟ್ಟಿ ಎಲ್ಲಿ?” ಎಂದು ಒಬ್ಬ ಬರೆದ. “ತಾಯಿ ಎಲ್ಲಿ?” ಎಂದು ಇನ್ನೊಬ್ಬ ಬರೆದ. ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು ಮರ್ಯಾದೆ ಕಳೆದವರ ಸಾಲು ಬೆಳೆಯಿತು. ಆ ವಾರವೆಲ್ಲ ಸಾಬೀರಾ ಹಾಡು ಗುನುಗುತ್ತ ರೊಟ್ಟಿ ಬಡಿದಳು.

ಹೀಗೆ ಆತ ಇಳಿಯುತ್ತ, ಈಕೆ ಏರುತ್ತ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಸುಗ್ಗಿಯ ಹೊತ್ತಿಗೆ ಲಕ್ಷ್ಮೇಶ್ವರದ ಕೌದಿ ಎಂದು ಹುಡುಕಿದರೆ ಮೊದಲು ಸಾಬೀರಾಳ ಅಂಗಡಿಯೇ ಬರತೊಡಗಿತು. ಅಲ್ಲಿ ಮಾಸುಮಬಿಯ ಬೇರೊಂದು ಫೋಟೋ, ಕೆಳಗೆ ಅವಳದೇ ಹೆಸರು. ಆದರೂ ಸಾಬೀರಾಳ ಹೊಟ್ಟೆ ತಣ್ಣಗಾಗಲಿಲ್ಲ. ಕೆಳಗೆ ಬಿದ್ದರೂ ಆತನ ಅಂಗಡಿಯಲ್ಲಿ ಅಮ್ಮಿ ಇನ್ನೂ ಆತನ ತಾಯಿಯಾಗಿಯೇ ಕುಳಿತಿದ್ದಳು.

ಒಂದು ಮಧ್ಯಾಹ್ನ ಓಣಿಯ ತುದಿಯಲ್ಲಿ ಕಾರು ನಿಂತಿತು. ಬಗಲಲ್ಲಿ ಸೀರೆಯ ಗಂಟು ಹಿಡಿದು ವಯಸ್ಸಾದ ಹೆಂಗಸೊಬ್ಬಳು ನಡೆದು ಬಂದಳು. ಆ ಹೊತ್ತಿಗೆ ನಾನೂ ಸಾಬೀರಾಳ ಕಟ್ಟೆಯ ಮೇಲೆಯೇ ಇದ್ದೆ. ಗುರುಸಿದ್ದವ್ವ ಎಂದು ಹೆಸರು ಹೇಳಿಕೊಂಡಳು.

“ಮರಿಮೊಮ್ಮಗ ಹುಟ್ಯಾನವಾ. ನಮ್ಮ ಮನ್ಯಾಗ ಚಾದರದ ರಾಶೀನ ಐತಿ, ಮಗಂದು ಅದ ವ್ಯಾಪಾರ. ಆದ್ರ ಹಸಿಗೂಸಿನ ಮೈಗೆ ಅವು ಚುಚ್ಚತಾವ. ತೊಟ್ಟಿಲ ಕೌದಿ ಚಲೋ ಯಾರು ಹೊಲೀತಾರಂತ ಫೋನಿಗೆ ಬಾಯಿಲೇ ಕೇಳಿದೆ. ಅದು ನಿನ್ನ ಹೆಸರು ಹೇಳ್ತು. ಲಕ್ಷ್ಮೇಶ್ವರಕ್ಕ ಹೋಗೂಣಂತ ಅಷ್ಟ ಮಗಗ ಹೇಳಿ ಕರಕೊಂಡು ಬಂದೀನಿ.”

ಒಳಗೆ ಬಂದು ಗೋಡೆಯ ಮೇಲಿನ ಫೋಟೋ ನೋಡಿ ನಿಂತಳು. “ಇವ್ರು ನಮ್ಮ ಅಂಗಡಿ ಫೋಟೋದಾಗಿನ ಅವ್ವಾರಲ್ಲ? ಯಾರಿವ್ರು ಅಂತ ಕೇಳಿದ್ರ, ಯಾರೋ ಏನೋ, ಪ್ಯಾಟ್ಯಾಗ ಸಿಕ್ಕ ಫೋಟೋ ಅಂದಿದ್ದ ನಮ್ಮ ಶಿವಯೋಗಿ.”

ಎಲ್ಲರ ಸೂಜಿಯೂ ನಿಂತಿತು. ಹನಮಂತವ್ವ ಏನೋ ಹೇಳಲು ಬಾಯಿ ತೆರೆದಳು, ಸಾಬೀರಾ ಕಣ್ಣಲ್ಲೇ ತಡೆದಳು.

“ಇವರು ನಮ್ಮ ಅಮ್ಮಿ. ಮಾಸುಮಬಿ. ನಿಮ್ಮ ಮಗ ಇವರ ಫೋಟೋದ ಬುಡಕ ಏನ ಬರದಾನ, ಓದೀರೇನ್ರಿ?”

“ಸಣ್ಣ ಅಕ್ಷರ ನನಗ ಕಾಣಂಗಿಲ್ಲವಾ.”

“ಹಂಗಾರ ಅವರನ್ನ ಕರೀರಿ. ಬರದವರ ಓದಲಿ.”

ಶಿವಯೋಗಿ ಬಂದ. ಕಾರಿನಿಂದ ಇಲ್ಲಿಯತನಕ ಬರುವಷ್ಟರಲ್ಲಿ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಸಾಬೀರಾ ಆತನ ಅಂಗಡಿಯನ್ನು ತನ್ನ ಫೋನಿನಲ್ಲಿ ತೆರೆದು ಆತನ ಕೈಗೆ ಕೊಟ್ಟಳು. ಆತ ತಾಯಿಯನ್ನು ನೋಡಿದ, ನಮ್ಮನ್ನೆಲ್ಲ ನೋಡಿದ.

“ಓದು” ಎಂದಳು ಗುರುಸಿದ್ದವ್ವ.

“ನಮ್ಮ ತಾಯಿಯವರ ಕೈಹೊಲಿಗೆ.”

“ಕೇಳಲಿಲ್ಲ. ಇನ್ನೊಮ್ಮೆ ಓದು.”

ಓದಿದ. ಮುದುಕಿಯ ಬಗಲಿನ ಗಂಟು ನೆಲಕ್ಕೆ ಬಿತ್ತು. “ಅವರು ನಿನ್ನ ತಾಯಿ ಆದ್ರ, ನಾ ಯಾರಲೇ?”

“ಯವ್ವಾ, ಅದು ಬರೇ ಧಂದೇಕ ಹಾಕಿದ್ದು...”

“ಧಂದೇಕ ತಾಯೀನ ಬದ್ಲಿ ಮಾಡಿದಿ. ನಾ ಇನ್ನೂ ಜೀಂವ ಇರೂವಾಗ.”

ಸಾಬೀರಾ ಈ ಒಂದು ಮಾತಿಗಾಗಿಯೇ ಇಷ್ಟು ದಿನ ಕಾದಿದ್ದಳು ಎಂದು ನನಗೆ ಅನ್ನಿಸಿತು. ಆಕೆಯ ಮುಖದಲ್ಲಿ ಕನಿಕರ ಹುಡುಕಿದೆ, ಇರಲಿಲ್ಲ. ಸುಳ್ಳು ಯಾಕೆ, ನನ್ನಲ್ಲೂ ಇರಲಿಲ್ಲ.

“ಅಕ್ಕಾರ, ಫೋಟೋ ಈಗಿಂದೀಗ ತಗದ ಹಾಕ್ತೀನ್ರಿ” ಎಂದ ಶಿವಯೋಗಿ.

“ತಗೀಬ್ಯಾಡ” ಎಂದಳು ಸಾಬೀರಾ. “ಅಲ್ಲೇ ಇರಲಿ, ನಿನ್ನ ಅಂಗಡಿ ನೆತ್ತಿ ಮ್ಯಾಲ. ಬುಡಕ ಬರಿ: ಇವರು ಲಕ್ಷ್ಮೇಶ್ವರದ ಮಾಸುಮಬಿ. ನಾವು ಕೌದಿ ಹೊಲಿಯುವವರಲ್ಲ. ಕೌದಿ ಬೇಕಾದವರು ಇವರ ಮಗಳ ಅಂಗಡಿಗೆ ಹೋಗಬೇಕು. ಆ ಮಾತು ಒತ್ತಿದ್ರ ಸೀದಾ ನನ್ನ ಅಂಗಡಿ ತೆರೀಬೇಕು.”

ಅದರ ಅರ್ಥ ಶಿವಯೋಗಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಅಂಗಡಿ ಇನ್ನೊಂದು ಅಂಗಡಿಗೆ ಹೀಗೆ ದಾರಿ ತೋರಿಸಿದರೆ ತೋರಿಸಿಕೊಂಡ ಅಂಗಡಿಯ ತೂಕ ಹೆಚ್ಚುತ್ತದೆ. ತನ್ನ ಬಾಗಿಲಿಗೆ ಬಂದ ಗಿರಾಕಿಯನ್ನು ತಾನೇ ಕೈಹಿಡಿದು ಈಕೆಯ ಮನೆಗೆ ಬಿಟ್ಟು ಬಂದ ಹಾಗೆ. ಆತ ತಾಯಿಯ ಮುಖ ನೋಡಿದ.

“ಬರಿ” ಎಂದಳು ಗುರುಸಿದ್ದವ್ವ.

ಆತ ಹೊರಗೆ ಕಟ್ಟೆಯ ಮೇಲೆ ಬಿಸಿಲಲ್ಲಿ ಕುಳಿತು, ಬೆವರು ಒರೆಸಿಕೊಳ್ಳುತ್ತ ತನ್ನ ಫೋನಿನಲ್ಲಿ ಬರೆದ. ಸಾಬೀರಾ ಶಿರಹಟ್ಟಿಗೆ ಫೋನು ಹಚ್ಚಿ ಅಮೀರಾಳಿಂದ ತೆರೆಸಿ ನೋಡಿಸಿದಳು. “ಬಂತು ಆಪಾ, ಅಮ್ಮಿ ಹೆಸರು ಬಂತು” ಎಂದು ಅಮೀರಾ ಕೂಗಿದ್ದು ನಮಗೆಲ್ಲ ಕೇಳಿಸಿತು.

ಆಮೇಲೆ ಸಾಬೀರಾ ಗುರುಸಿದ್ದವ್ವನ ಗಂಟನ್ನು ತಾನೇ ಎತ್ತಿ ಬಿಚ್ಚಿ, ಸೀರೆಗಳನ್ನು ಕೆನ್ನೆಗೆ ಒತ್ತಿ ನೋಡಿ, ತೊಟ್ಟಿಲಿಗೆ ಮೆತ್ತಗಿನದನ್ನು ಆರಿಸಿದಳು. ಒಳಗೆ ಹೋಗಿ ಚಹಾ ಮಾಡಿ ತಂದಳು. ಗುರುಸಿದ್ದವ್ವನಿಗೆ ಕೊಟ್ಟಳು, ಹನಮಂತವ್ವನಿಗೆ ಕೊಟ್ಟಳು, ಮರಿಯವ್ವನಿಗೆ ಕೊಟ್ಟಳು, ಹೊರಗೆ ಬಂದು ನನಗೂ ಕೊಟ್ಟಳು. ತಾಟಿನಲ್ಲಿ ಇನ್ನೂ ಒಂದು ಕಪ್ಪು ಉಳಿದಿತ್ತು. ನನ್ನ ಪಕ್ಕದಲ್ಲಿ ಕುಳಿತ ಶಿವಯೋಗಿಯನ್ನು ದಾಟಿ ಅದನ್ನು ಒಳಗೆ ಒಯ್ದು ತಾನೇ ಕುಡಿದಳು. ಆತನ ತಾಯಿ ಅದನ್ನೆಲ್ಲ ನೋಡುತ್ತಲೇ ಇದ್ದಳು. ಅವನಿಗೂ ಒಂದು ಕಪ್ಪು ಕೊಡವಾ ಎಂದು ಹೇಳಲಿಲ್ಲ.