ಟ್ಯಾಂಕರ್ ಬಂದ ದಿನದ ಉಸಿರು

ಬರಗಾಲದ ಆ ವರ್ಷಗಳಲ್ಲಿ ನೌಬಾದದ ನಮ್ಮ ಓಣಿಗೆ ನೀರಿನ ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ, ಬೆಳಗಿನ ಏಳಕ್ಕೆ ಬರುತ್ತಿತ್ತು. ನಾನು ಪರೀಕ್ಷೆಗೆ ಹೋಗಬೇಕಿದ್ದ ದಿನವೂ ಬಂತು. ನಡುವೆ ಎರಡು ಸಲ ಕಟ್ಟೆಯ ಮೇಲೆ ಕೂತು, ಹನ್ನೆರಡು ಕೊಡ ಒಳಗೆ ತಂದೆ. ಯಜಮಾನರ ನೌಕರಿ ಔರಾದ್‌ನಲ್ಲಿ, ಶನಿವಾರಕ್ಕಷ್ಟೇ ಮನೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಒಬ್ಬಳೇ ಆಟೋ ಹತ್ತಿ ಆಸ್ಪತ್ರೆಗೆ ಹೋದೆ.

ಹಿಂದಿನ ವಾರ ನನ್ನ ರಕ್ತದ ವರದಿ ಬಂದಿತ್ತು. ಶ್ವಾಸಕೋಶವನ್ನು ಕಾಯುವ ಒಂದು ಪ್ರೋಟೀನು ಹುಟ್ಟಿನಿಂದಲೇ ನನ್ನಲ್ಲಿ ಕಡಿಮೆಯಂತೆ. ಅದು ಯಕೃತ್ತಿನಲ್ಲೇ ಸಿಕ್ಕಿಕೊಂಡು ಅದನ್ನೂ ಕೆಡಿಸಬಹುದಂತೆ. "ಈಗ ಹ್ಯಾಂಗದ ಅಂತ ಒಮ್ಮೆ ಅಳ್ದು ಇಡೋಣ. ಮುಂದ ಪ್ರತಿ ವರ್ಷ ಇದಕ್ಕೇ ಹೋಲ್ಸಿ ನೋಡ್ತೀವಿ" ಎಂದಿದ್ದರು ಡಾಕ್ಟರು. ಆ ಮೊದಲ ಅಳತೆ ತಪ್ಪಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬೀಡಿ, ಸಿಗರೇಟು, ದಾರೂ ಉಂಟೇ ಎಂದು ಮೂರು ಕಡೆ ಕೇಳಿದರು. "ಖರೇ ಹೇಳ್ರಿ ಅಕ್ಕಾ, ಯಾರಿಗೂ ಹೇಳಾಂಗಿಲ್ಲ" ಎಂದಳು ನರ್ಸ್. ಕೆಮ್ಮುವಾಗಲೂ ಬಾಯಿಗೆ ಕರವಸ್ತ್ರ ಹಿಡಿಯಲು ಕಾನ್ವೆಂಟಿನಲ್ಲಿ ಕಲಿತವಳು ನಾನು, ಇಲ್ಲವೆಂದು ತಲೆಯಾಡಿಸಿದೆ.

ಉಸಿರು ಅಳೆಯುವವನು ಮೂಗಿಗೆ ಕ್ಲಿಪ್ ಹಾಕಿ ಕೊಳವೆ ಕೊಟ್ಟ.

"ಜೋರ್ಲೆ ಊದ್ರಿ. ಚಾ ಆರಿಸ್ದಂಗ ಯಾಕ ಊದ್ಲತ್ತೀರಿ?"

ಮೂರು ಸಲ ಊದಿದೆ. ಮೂರು ಬೇರೆ ಬೇರೆ ಅಂಕಿ ಬಂದವು. ಅವನ ಕಣ್ಣು ನನ್ನ ಸೀರೆಯ ಒದ್ದೆ ಅಂಚಿನ ಮೇಲೆ ಬಿತ್ತು.

"ಮುಂಜಾನಿ ಏನ್ ಮಾಡೀರಿ?"

"ಏನೂ ಇಲ್ರಿ. ನೀರು ತುಂಬೀನಿ."

"ಎಷ್ಟ್ ಕೊಡ?"

"ಹನ್ನೆರಡು."

ಅವನು ಪೆನ್ನು ಕೆಳಗಿಟ್ಟ. "ಚೀಟಿ ಓದಿಲ್ಲೇನ್ರಿ?"

ಹಿಂದಿನ ವಾರ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಇಂಗ್ಲಿಷಿನ ಆ ಚೀಟಿಯನ್ನು ಎರಡು ಸಲ ಓದಿದ್ದೆ. ಪರೀಕ್ಷೆಗೆ ಮುಂಚೆ ವ್ಯಾಯಾಮ ಮಾಡಬಾರದು ಎಂದಿತ್ತು, ನಾನು ಮಾಡಿರಲಿಲ್ಲ. ಕೊಡ ಹೊರುವುದನ್ನು ನಮ್ಮ ಓಣಿಯಲ್ಲಿ ಯಾರು ವ್ಯಾಯಾಮ ಎನ್ನುತ್ತಾರೆ?

"ಮುಂದಿನ ವಾರ ಬರ್ರಿ. ಟ್ಯಾಂಕರ್ ಬರಲಾರದ ದಿನ ನೋಡ್ಕೊಂಡು."

ಯಕೃತ್ತಿನ ರಕ್ತಪರೀಕ್ಷೆ, ಸ್ಕ್ಯಾನು ಮುಗಿಸಿ ಮನೆಗೆ ಬರುವಷ್ಟರಲ್ಲಿ ಹಸಿವೂ ಸತ್ತಿತ್ತು. ಒಂದು ಮೊದಲ ಅಳತೆಗಾಗಿ ಇಷ್ಟು ಅಲೆದೆನಲ್ಲ, ಅದೇ ಸಿಗಲಿಲ್ಲವಲ್ಲ ಎಂದು ಸಂಜೆ ಪಕ್ಕದ ಮನೆಯಾಕೆಯ ಮುಂದೆ ಗೊಣಗಿದೆ. ಭಾಲ್ಕಿ ಕಡೆಯವಳು, ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಅದರಾಗೇನದ ಅಕ್ಕಾ? ಹ್ವಾದ ವರ್ಷ ಹದಿನೆಂಟು ಕೊಡ ಎಲ್ಲೂ ನಿಲ್ದಂಗ ಒಯ್ತಿದ್ರಿ. ಈಗ ಹನ್ನೆರಡಕ್ಕೇ ಎರಡು ಸಲ ಕಟ್ಟಿ ಮ್ಯಾಲ ಕೂಡ್ತೀರಿ."