ಹಲ್ಕಾ ಕೈ

ಕೂತಲ್ಲಿ ಕೂಡುವ ಜಾತಿ ನನ್ನದಲ್ಲ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ; ನಡುದಾರಿಯಲ್ಲಿ ಬಸ್ಸು ನನ್ನನ್ನು ದಾಟಿಕೊಂಡು ಹೋಗುತ್ತದೆ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. "ಹೊಟ್ಟ್ಯಾಗ ಇಂಜಿನ್ ಇಟ್ಕೊಂಡು ಹುಟ್ಟೀಯೇನೋ" ಎಂದು ನಮ್ಮವ್ವ ಬೈಯುತ್ತಿದ್ದಳು. ಇಂಥವನಿಗೆ ದೇವರು ಕೊಟ್ಟ ಕೆಲಸವಾದರೂ ಯಾವುದು? ವಾಲ್ ತಿಕ್ಕುವುದು. ಭೂಮಿಯ ಮೇಲೆ ಅಷ್ಟು ತಾಳ್ಮೆ ಬೇಡುವ ಕೆಲಸ ಇನ್ನೊಂದಿಲ್ಲ.

ಇಂಜಿನ್ನಿನ ತಲೆಯೊಳಗೆ ಅಣಬೆಯಾಕಾರದ ಎರಡು ಕದಗಳಿರುತ್ತವೆ. ಒಂದು ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಹಾಕುತ್ತದೆ. ಪುಸ್ತಕದಲ್ಲಿ ಅವಕ್ಕೆ ವಾಲ್ವ್ ಎನ್ನುತ್ತಾರೆ, ನಮ್ಮ ಕಡೆ ವಾಲ್. ಹೊಸ ವಾಲ್ ಹಾಕುವ ಮೊದಲು ಅದರ ಅಂಚಿಗೆ ಮರಳಿನಂಥ ಪೇಸ್ಟು ಹಚ್ಚಿ, ರಬ್ಬರ್ ಕಪ್ಪಿನ ಕೋಲು ಅಂಟಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ ತಿಕ್ಕಬೇಕು. ಆಮೇಲೆ ಸೀಮೆಎಣ್ಣೆ ಸುರಿದು ನೋಡಬೇಕು. ಒಂದು ಹನಿ ಕೆಳಗೆ ಇಳಿದರೂ ಮತ್ತೆ ಮೊದಲಿನಿಂದ. ಜಹೀರಾಬಾದಿನ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ನಮ್ಮ ಉಸ್ತಾದರು ನನಗೆ ಮೊದಲ ದಿನ ಹೇಳಿದ ಮಾತು ಒಂದೇ: "ತಿಕ್ಕಲಾರದ ವಾಲ್ ಹಾಕಬ್ಯಾಡ. ತಿಕ್ಕಲಾರದ ವಾಲ್ ಅಂದ್ರ ತೊಳೀಲಾರದ ಅಕ್ಕಿ." ಏಳು ವರ್ಷ ಆ ಮಾತನ್ನು ವೇದದ ಹಾಗೆ ಪಾಲಿಸಿದೆ. ಕೊನೆಗೆ ನನ್ನ ಇಂಜಿನ್ನನ್ನು ಕೆಡಿಸಿದ್ದೂ ಅದೇ ಮಾತು.

ಅದು ತೆಲಂಗಾಣ ಬೇಕೆಂದು ಊರಿಗೆ ಊರೇ ಬೀದಿಗಿಳಿದಿದ್ದ ಕಾಲ. ಇವತ್ತು ಬಂದ್, ನಾಳೆ ರಸ್ತೆ ತಡೆ, ನಾಡಿದ್ದು ಬಸ್ಸಿಲ್ಲ. ನನಗೆ ಆಗ ಇಪ್ಪತ್ತೇಳು. ನಾರಾಯಣಖೇಡದಲ್ಲಿ ಮನೆ, ಜಹೀರಾಬಾದಿನಲ್ಲಿ ಕೆಲಸ, ತಲೆ ಮಾತ್ರ ತಾಂಡೂರಿನಲ್ಲಿ. ತಾಂಡೂರಿನ ಹೊರಗೆ, ಯಾಲಾಲ್ ದಾರಿಯಲ್ಲಿ, ಕಲ್ಲು ತೆಗೆದು ಬಿಟ್ಟ ಗಣಿಯ ಸಪಾಟು ನೆಲದ ಮೇಲೆ ಬೈಕುಗಳ ರೇಸು ನಡೆಯುವುದಿತ್ತು. ಅದಕ್ಕಾಗಿ ಎರಡು ವರ್ಷದಿಂದ ಹಳೆಯದೊಂದು ಬೈಕಿನ ಇಂಜಿನ್ ಬಿಚ್ಚಿ ಕಟ್ಟುತ್ತಿದ್ದೆ. ಹೈದರಾಬಾದಿನಲ್ಲಿ ರೇಸ್ ಇಂಜಿನ್ನುಗಳನ್ನೇ ತಯಾರಿಸುವ ಒಂದು ಗ್ಯಾರೇಜು ಇತ್ತು. ಅದರ ಸೇಠ್ ಬೀದರಿನ ಕಡೆಯವರು, ನಮ್ಮದೇ ಮಾತು. ತಮ್ಮಲ್ಲಿ ವಾಲ್ ಕೆಲಸಕ್ಕೆ ಒಬ್ಬ ಬೇಕು ಎಂದು ಉಸ್ತಾದರಿಗೆ ಹೇಳಿದ್ದರು. ಅಂಗಡಿಗೆ ಬಂದು ನನ್ನ ಕೆಲಸ ನೋಡುವವರಿದ್ದರು, ರೇಸಿಗೂ ಬರುವವರಿದ್ದರು. ಆ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ನಾರಾಯಣಖೇಡದ ಎಲ್ಲ ದೇವರಿಗೂ ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದೆ, ದರ್ಗಾಕ್ಕೂ ಸೇರಿ.

ಉಳಿದದ್ದು ಒಂದೇ ತಕರಾರು: ವಾಲ್ ಯಾವುದು ಹಾಕುವುದು? ಸ್ಟೀಲೋ, ಟೈಟಾನಿಯಮ್ಮೋ?

ಸ್ಟೇನ್‌ಲೆಸ್ ಸ್ಟೀಲಿನ ವಾಲ್ ತೂಕದ್ದು. ಇಂಜಿನ್ ಅತೀ ಜೋರು ತಿರುಗಿದಾಗ ಸ್ಪ್ರಿಂಗ್ ಅದನ್ನು ಸಮಯಕ್ಕೆ ಸರಿಯಾಗಿ ಮುಚ್ಚಲಾರದು. ಕದ ತೆರೆದೇ ತೇಲುತ್ತದೆ, ಮೇಲೆ ಬಂದ ಪಿಸ್ಟನ್ನು ಅದಕ್ಕೆ ಹೊಡೆಯುತ್ತದೆ. ಟೈಟಾನಿಯಮ್ ಅದರ ಹೆಚ್ಚೂಕಡಿಮೆ ಅರ್ಧ ತೂಕ. ಎಷ್ಟು ಓಡಿಸಿದರೂ ಟಕ್ಕನೆ ಮುಚ್ಚಿಕೊಳ್ಳುತ್ತದೆ, ಮೆತ್ತನೆ ಸ್ಪ್ರಿಂಗ್ ಸಾಕು. ನನಗೆ ಅದೇ ಬೇಕು. ಉಸ್ತಾದರು ತಲೆ ಅಲ್ಲಾಡಿಸಿದರು. "ತಾಂಡೂರಿನ ಹವಾ ನೋಡೀಯೇನು? ಅದು ಹವಾ ಅಲ್ಲ, ಕಲ್ಲಿನ ಹಿಟ್ಟು. ಸ್ಟೀಲ್ ಹಾಕು. ಹತ್ತು ಸಲ ತಿಕ್ಕಿದ್ರೂ ತಡಕೋತದ. ಕಡೀತನಕ ಓಡೋದು ಮುಖ್ಯ ಬೇಟಾ."

"ಕಡೀತನಕ ಎತ್ತಿನ ಗಾಡೀನೂ ಓಡ್ತದ ಉಸ್ತಾದ್ರೇ," ಎಂದೆ. ಅವರು ನಕ್ಕರು. ಹಿರಿಯರ ಮಾತು ಎಂದು ನಾನೂ ಅರೆಮನಸ್ಸಿನಿಂದ ಸ್ಟೀಲಿಗೇ ಒಪ್ಪಿದ್ದೆ. ಅಷ್ಟರಲ್ಲಿ ಆ ದಿನ ಬಂತು.

ಸೇಠ್ ಬಂದಾಗ ನಾನು ಹಿಂದಿನ ಕೋಣೆಯಲ್ಲಿ ಕೈ ತೊಳೆಯುತ್ತಿದ್ದೆ. ಹೊರಗೆ ಉಸ್ತಾದರು ನಾನು ಕಟ್ಟಿದ ಇಂಜಿನ್ ತೋರಿಸುತ್ತಿದ್ದರು. ಅವರ ಮನೆಮಾತು ದಖ್ಖನಿ ಉರ್ದು, ಸೇಠ್ ಕನ್ನಡದವರೆಂದು ತಮ್ಮ ಕನ್ನಡದಲ್ಲೇ ಹೇಳಿದರು: "ಇವನ ಕೈ ಭಾಳ ಹಲ್ಕಾ ಅದರಿ, ಸೇಠ್. ನಾ ಏನ್ ಹೇಳ್ಲಿ, ನೀವೇ ನೋಡ್ಕೊಳ್ರಿ." ಸೇಠ್ ನಕ್ಕರು.

ಹಲ್ಕಾ! ನಮ್ಮ ಕನ್ನಡದಲ್ಲಿ ಹಲ್ಕಾ ಮಂದಿ ಎಂದರೆ ಯಾರು? ಕೀಳು ಮಂದಿ, ನಂಬಬಾರದವರು. ಕೈ ಹಲ್ಕಾ ಎಂದರೆ ಇನ್ನೇನು, ಕದಿಯುವ ಕೈ! ಹಿಂದಿನ ವಾರವಷ್ಟೇ ಅಂಗಡಿಯ ಮೈಕ್ರೋಮೀಟರ್ ಕಾಣೆಯಾಗಿತ್ತು, ಎಲ್ಲರೂ ಎಲ್ಲರ ಮುಖ ನೋಡಿಕೊಂಡಿದ್ದೆವು. ನನ್ನ ಮೈಯೆಲ್ಲ ಉರಿದುಹೋಯಿತು. ಏಳು ವರ್ಷ ಅವರ ಮನೆಯ ಈದ್ ಖೀರು ಉಂಡವನು ನಾನು. ಕೇಳಬಹುದಿತ್ತು. 'ಏನಂದ್ರಿ?' ಎಂಬ ಒಂದು ಮಾತು ಸಾಕಿತ್ತು. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಹಿಂಬಾಗಿಲಿನಿಂದ ಹೊರಬಿದ್ದೆ. ಸಂಜೆ ಯಾರೂ ಇಲ್ಲದಾಗ ಬಂದು ನನ್ನ ಇಂಜಿನ್ನನ್ನು ಆಟೋದಲ್ಲಿ ಹಾಕಿಕೊಂಡು ನಾರಾಯಣಖೇಡಕ್ಕೆ ಒಯ್ದೆ. ಉಸ್ತಾದರು ಕೆಡಿಸಿದ ಹೆಸರನ್ನು ಇನ್ನು ರೇಸೇ ಸರಿಮಾಡಬೇಕು, ಬರೀ ಓಡಿದರೆ ಸಾಲದು, ಗೆಲ್ಲಬೇಕು. ಮರುದಿನವೇ ಹೈದರಾಬಾದಿನ ವ್ಯಾಪಾರಿಗೆ ಫೋನು ಮಾಡಿ ಟೈಟಾನಿಯಮ್ ವಾಲ್ ಬಸ್ಸಿಗೆ ಹಾಕಿ ಕಳಿಸಲು ಹೇಳಿದೆ.

ಹೇಳಿದ್ದೇ ತಡ, ಬಸ್ಸುಗಳು ನಿಂತವು. ಅಷ್ಟು ದೊಡ್ಡ ಮುಷ್ಕರವನ್ನು ನಾನು ಕಂಡಿರಲಿಲ್ಲ. ಶಾಲೆ ಇಲ್ಲ, ಕಚೇರಿ ಇಲ್ಲ, ರೇಸು ಮುಂದಕ್ಕೆ ಹೋಯಿತು. ನಾನೂ ತೆಲಂಗಾಣ ಬೇಕೆನ್ನುವವನೇ, ಜೈ ಎಂದು ಕೂಗಿ ಗಂಟಲು ಹರಿದುಕೊಂಡವನೇ. ಆದರೆ ಒಳಗೊಳಗೆ ಆ ಬಸ್ಸುಗಳಿಗೆ ಶಾಪ ಹಾಕುತ್ತಿದ್ದೆ, ಶಾಪ ಹಾಕಿದ್ದಕ್ಕೆ ನಾಚುತ್ತಲೂ ಇದ್ದೆ. ಒಂದು ದಿನ ಚಳವಳಿಯವರು ರಸ್ತೆ ತಡೆಯಲೆಂದು ಜಹೀರಾಬಾದಿನ ಹೆದ್ದಾರಿಯಲ್ಲೇ ಒಲೆ ಹೂಡಿ, ರಸ್ತೆಯ ಮೇಲೆ ಅಡುಗೆ ಮಾಡಿ ಊಟಕ್ಕೆ ಕೂತರು. ನಾನೂ ಪಂಕ್ತಿಯಲ್ಲಿ ಕೂತೆ. ತಲೆ ಎತ್ತಿದರೆ ಎದುರು ಸಾಲಿನಲ್ಲಿ ಉಸ್ತಾದರು! ಎಲೆಯ ಮೇಲಿನ ಕೈಯನ್ನೇ ಎತ್ತಿ 'ಬಾ ಇಲ್ಲಿ' ಎಂದು ಕರೆದರು. ಕಳ್ಳ ಎಂದವರ ಪಕ್ಕ ಕೂತು ಉಣ್ಣಲೇ? ಅರ್ಧ ಎಲೆ ಬಿಟ್ಟು ಎದ್ದು ಹೋದೆ. ಅವರ ಫೋನು ಬಂದಾಗಲೆಲ್ಲ ಕತ್ತರಿಸಿದೆ. ಆಮೇಲೆ ಅವರೂ ಬಿಟ್ಟರು.

ಕೊನೆಗೊಮ್ಮೆ ಕಲ್ಲಿನ ಲಾರಿಯೊಂದನ್ನು ಹತ್ತಿ ಹೈದರಾಬಾದಿಗೆ ಹೋಗಿ ವಾಲ್ ತಂದೆ. ಬಂಗಾರದ ಬಣ್ಣದ ಜೋಡಿ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ತೂಕ. ಮನೆಯ ಕಟ್ಟೆಯ ಮೇಲೆ ಕೂತು, ಏಳು ವರ್ಷದ ರೂಢಿಯಂತೆ, ಪೇಸ್ಟು ಹಚ್ಚಿ ತಿಕ್ಕಿದೆ. ಸೀಮೆಎಣ್ಣೆ ಒಂದು ಹನಿ ಇಳಿಯಲಿಲ್ಲ. ಕಟ್ಟಿಟ್ಟೆ. ರೇಸು ಮತ್ತೆ ಮುಂದಕ್ಕೆ ಹೋಯಿತು. ನನ್ನ ಕೈ ಸುಮ್ಮನಿರಬೇಕಲ್ಲ! ಮತ್ತೆ ಬಿಚ್ಚಿದೆ, ಮತ್ತೆ ತಿಕ್ಕಿದೆ. ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ.

"ವಾಲ್ ತಿಕ್ಕತೀರೋ ಭಾಂಡೆ ತಿಕ್ಕತೀರೋ?" ಎಂದಳು ಹೆಂಡತಿ, ಜೋಳ ಹಸನು ಮಾಡುತ್ತಾ. "ಅಷ್ಟು ಆಸಿ ಇದ್ರ ಒಳಗ ಎರಡು ಪಾತೇಲಿ ಬಿದ್ದಾವ, ಅವನೂ ತಿಕ್ಕಿ ಬಿಡ್ರಿ."

"ನಿನಗೇನು ತಿಳೀತದ ಇದರಾಗ?"

"ನನಗೇನೂ ತಿಳ್ಯಂಗಿಲ್ಲ. ಅಂಚಿನ್ಯಾಗ ಬಂಗಾರದ ಬಣ್ಣ ಹೋತು ನೋಡ್ರಿ, ಅಷ್ಟೇ ಹೇಳಿದೆ."

"ಮಿಂಚಾಕ ಹತ್ತ್ಯಾವ," ಎಂದೆ ಹೆಮ್ಮೆಯಿಂದ. ಎಂಥ ಶಾಣ್ಯಾ ನೋಡಿ ನಾನು!

ಅಂತೂ ಬಸ್ಸು ಓಡಿದವು, ರೇಸಿನ ದಿನ ಬಂತು. ಗೂಡ್ಸ್ ಆಟೋದಲ್ಲಿ ಬೈಕು ಹೇರಿಕೊಂಡು ನಸುಕಿನಲ್ಲೇ ತಾಂಡೂರು ಸೇರಿದೆ. ಗಣಿಯ ನೆಲದ ಮೇಲೆ ಆಗಲೇ ಬಿಳಿ ಧೂಳು ಎದ್ದಿತ್ತು. ಬೆಳಿಗ್ಗೆ ಅಭ್ಯಾಸದ ಸುತ್ತು. ಮೊದಲ ಎರಡು ಸುತ್ತು ಬೈಕು ಹಕ್ಕಿ! ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೋ ಧೂಳಿಗೋ. ಹತ್ತನೆಯ ಸುತ್ತಿಗೆ ಕಾರ್ಬುರೇಟರ್ ಪಟ್ ಪಟ್ ಎಂದು ಕೆಮ್ಮಿತು. ಹದಿನೈದಕ್ಕೆ ನಿಂತೇಬಿಟ್ಟಿತು. ಕಿಕ್ ಹೊಡೆದರೆ ಒಳಗೆ ದಮ್ಮೇ ಇಲ್ಲ. ಬೇವಿನ ಗಿಡದ ಕೆಳಗೆ ತಳ್ಳಿಕೊಂಡು ಹೋಗಿ ಬಿಚ್ಚಿದೆ. ಎರಡೂ ವಾಲ್‌ಗಳ ಅಂಚು ಉಜ್ಜಿದ ಬಟ್ಟಲಿನ ಹಾಗೆ ಒಳಗೆ ತಗ್ಗಾಗಿತ್ತು. ನೆಲದ ಮೇಲೆ ಕೂತು ತಲೆ ತಲೆ ಬಡಿದುಕೊಂಡೆ.

"ತಿಕ್ಕೀಯೇನು ಇದನ್ನ?"

ಹಿಂದೆ ಉಸ್ತಾದರು ನಿಂತಿದ್ದರು. ತಾಂಡೂರಿನತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರಂತೆ. ಗಡ್ಡವೆಲ್ಲ ಬಿಳಿ ಧೂಳು. ಉತ್ತರಕ್ಕೆ ಕಾಯದೆ ಕುಕ್ಕರಗಾಲಿನಲ್ಲಿ ಕೂತರು.

"ಇದರ ಮ್ಯಾಲ ಒಂದು ತೆಳ್ಳನ ಚರ್ಮ ಇರ್ತದ ಬೇಟಾ. ಆ ಬಂಗಾರದ ಬಣ್ಣನೇ ಅದರ ಜೀವ. ಪೇಸ್ಟ್ ಹಚ್ಚಿದ್ರ ಹೋತು. ನಂಗೂ ಗೊತ್ತಿರಲಿಲ್ಲ. ನೀ ಟೈಟಾನಿಯಮ್ ತರಿಸೀ ಅಂತ ಆ ವ್ಯಾಪಾರಿ ಹೇಳ್ದ. ಅವಂಗೇ ಕೇಳಿ ತಿಳ್ಕೊಂಡೆ. ನಿಂಗ ಹೇಳಬೇಕಂದ್ರ ಫೋನ್ ಎತ್ತಲ್ಲ ನೀ." ಹಾಳಾದ ವಾಲನ್ನು ಎತ್ತಿ ಅಂಗೈಯಲ್ಲಿ ತೂಗಿದರು. ಮುಖದಲ್ಲಿ ಒಂಥರಾ ಮೆಚ್ಚುಗೆ. "ಆಹಾ, ಎಷ್ಟು ಹಲ್ಕಾ ಅದ ನೋಡು! ಹೂವಿನಂಗ. ಒಳ್ಳೆ ಮಾಲು, ಹಾಳಾತು."

ಹಲ್ಕಾ. ಒಳ್ಳೆ ಮಾಲು. ಎರಡು ಮಾತು ಒಂದೇ ಬಾಯಿಂದ, ಒಂದೇ ಉಸಿರಿಗೆ ಬಂದಿದ್ದವು. ಉರ್ದುವಿನಲ್ಲಿ ಹಲ್ಕಾ ಎಂದರೆ ಹಗುರ ಎಂದು ನಮ್ಮ ಕಡೆ ದನ ಕಾಯುವವನಿಗೂ ಗೊತ್ತು. ನನಗೂ ಗೊತ್ತಿತ್ತು. ಅವತ್ತು ಅವರು ಉರ್ದುವಿನಲ್ಲಿ ಹೇಳಿದ್ದರೆ ಸರಿಯಾಗಿಯೇ ಕೇಳಿಸುತ್ತಿತ್ತು. ಕನ್ನಡದಲ್ಲಿ ಹೇಳಿದರು, ನಾನು ಕನ್ನಡದ ಕಿವಿಯಿಂದ ಕೇಳಿದೆ.

"ಉಸ್ತಾದ್ರೇ... ಅವತ್ತು ಸೇಠ್ ಮುಂದ ನನ್ನ ಕೈ ಹಲ್ಕಾ ಅಂದ್ರಲ್ಲ..."

"ಹೌದು ಅಂದೆ. ಕೈ ಹಲ್ಕಾ ಇರಲಾರದವಂಗ ವಾಲ್ ಕೆಲಸ ಯಾರು ಕೊಡ್ತಾರ?" ಎಂದು ನನ್ನ ಮುಖ ನೋಡಿದರು. ನಾನು ಏನೆಂದು ಕೇಳಿಸಿಕೊಂಡಿದ್ದೆನೆಂಬುದು ಅವರಿಗೂ ತಿಳಿಯಿತು. "ಯಾ ಅಲ್ಲಾ," ಎಂದು ಹಣೆ ಮುಟ್ಟಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚೀಲದಿಂದ ದಸ್ತಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಎರಡು ಸ್ಟೀಲಿನ ವಾಲ್, ಅದಕ್ಕೆ ತಕ್ಕ ಬಿರುಸಾದ ಸ್ಪ್ರಿಂಗು, ಪೇಸ್ಟಿನ ಡಬ್ಬಿ. "ಇವನ್ನ ತಿಕ್ಕು. ಇವು ತಿಕ್ಕಿಸ್ಕೋತಾವ." ನಾನು ತಿಕ್ಕಿದೆ, ಅವರು ಕೊಡೆ ಹಿಡಿದು ಧೂಳು ತಡೆದರು. ಮಧ್ಯಾಹ್ನ ರೇಸಿನಲ್ಲಿ ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಗೆಲ್ಲಲಿಲ್ಲ, ಆರನೆಯವನಾದೆ, ಆದರೆ ಕಡೀತನಕ ಓಡಿದೆ. ಹೆಲ್ಮೆಟ್ ತೆಗೆದು ಜನರಲ್ಲಿ ಸೇಠ್ ಮುಖ ಹುಡುಕಿದೆ. ಕಾಣಲಿಲ್ಲ.

"ಸೇಠ್ ಬರಲಿಲ್ಲೇನ್ರಿ?"

ಉಸ್ತಾದರು ಸ್ಪ್ಯಾನರುಗಳನ್ನು ಒಂದೊಂದೇ ಒರೆಸಿ ಚೀಲಕ್ಕೆ ಹಾಕುತ್ತಿದ್ದರು. "ಯಾಕ ಬರ್ತಾರ? ಅವರು ಅವತ್ತೇ ಹೂಂ ಅಂದಿದ್ರು. 'ರೇಸ್ ಗೀಸ್ ಯಾಕ ನೋಡಬೇಕು, ನೀವು ಅಂದ್ರಲ್ಲ ಸಾಕು, ಮುಂದಿನ ತಿಂಗಳ ಕಳಸ್ರಿ' ಅಂದ್ರು. ಮರುದಿನ ನೀ ಬಂದ್ರ ಹೇಳಬೇಕಂತ ಪೇಢಾ ತಂದಿಟ್ಟಿದ್ದೆ. ನೀ ಬರಲಿಲ್ಲ. ರೋಡಿನ ಮ್ಯಾಲ ಊಟಕ್ಕ ಕೂತಾಗ ಕರೆದೆ, ಎದ್ದು ಹೋದಿ. ಅವರೂ ಎಷ್ಟು ದಿನ ಕಾಯ್ತಾರ? ಇನ್ನೊಬ್ಬಂಗ ಇಟ್ಕೊಂಡ್ರು." ಕೊನೆಯ ಸ್ಪ್ಯಾನರನ್ನೂ ಚೀಲಕ್ಕೆ ಹಾಕಿ, "ಮೈಕ್ರೋಮೀಟರ್ ಸಿಕ್ತು. ಗ್ರೀಸ್ ಡಬ್ಬಿ ಹಿಂದ ಬಿದ್ದಿತ್ತು," ಎಂದರು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಬರುವುದಿಲ್ಲ. ನನಗೆ ಗೊತ್ತು.

ಬೈಕು ಹೇರಿ ಗೂಡ್ಸ್ ಆಟೋದ ಹಿಂದೆ ಇಬ್ಬರೂ ಕೂತೆವು. ತಾಂಡೂರಿನ ಕಲ್ಲಿನ ಕಾರ್ಖಾನೆಗಳು ಹಿಂದೆ ಉಳಿದವು, ಎರಡೂ ಬದಿ ತೊಗರಿ ಹೊಲ ಬಂತು, ಜಹೀರಾಬಾದಿನ ಮೊದಲ ಧಾಬಾ ಬಂತು. ಉಸ್ತಾದರು ನನ್ನ ಹಣೆಗೆ ಅಂಗೈ ಇಟ್ಟು ನೋಡಿದರು.

"ಏನೋ ಬೇಟಾ, ಮೈಯಾಗ ಆರಾಮ ಇಲ್ಲೇನು? ಎರಡು ತಾಸಾತು, ಕಾಲು ಅಲ್ಲಾಡಿಸೇ ಇಲ್ಲ ನೀ."