ಅವರೆಕಾಳಿನ ಹುಳುಗಳಿಗೆ ಸಿಕ್ಕ ಅಭಯ

ನಾನು ಬಸುರಿಯಾದ ವರ್ಷವೇ ನಮ್ಮ ಮನೆಯ ಅವರೆಕಾಳಿಗೆ ಕುಟ್ಟೆ ಹಿಡಿಯಬೇಕೆ! ಕಾಳಿಗೊಂದು ತೂತು, ತೂತಿಗೊಂದು ಕಂದು ಹುಳ. ಬೇರೆ ವರ್ಷವಾಗಿದ್ದರೆ ಅತ್ತೆ ಕಾಳನ್ನು ಸುಡುಬಿಸಿಲಿಗೆ ಹರವಿ ಅವುಗಳ ಕಥೆ ಮುಗಿಸುತ್ತಿದ್ದರು. ಆದರೆ ಬಸುರಿ ಇರುವ ಮನೆಯಲ್ಲಿ ಯಾವ ಜೀವವನ್ನೂ ಕೊಲ್ಲಬಾರದು, ಕೊಂದರೆ ಹೊಟ್ಟೆಯೊಳಗಿನ ಕೂಸಿಗೆ ತಗಲುತ್ತದೆ ಎಂಬುದು ಅವರ ಶಾಸ್ತ್ರ. ತವರಲ್ಲಿ ಅಮ್ಮ ಇಲ್ಲದ್ದರಿಂದ ನನ್ನ ಹೆರಿಗೆಯೂ ರಾಜಾಜಿನಗರದ ಆ ಮನೆಯಲ್ಲೇ ಆಗಬೇಕಿತ್ತು. ಹೀಗಾಗಿ ಹುಳುಗಳಿಗೆ ಅಷ್ಟೂ ತಿಂಗಳು ಅಭಯ.

ಅತ್ತೆ ದಿನಾ ಮೊರದಲ್ಲಿ ಕಾಳು ಆರಿಸಿ, ಹುಳುಗಳನ್ನು ನೋಯದ ಹಾಗೆ ತಂಬಿಗೆಗೆ ಬಿಟ್ಟು, ಅದರ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಬಟ್ಟೆ ತೆಳುವಾಗಿಯೇ ಇರಬೇಕು. ಉಸಿರು ಕಟ್ಟಿ ಸತ್ತರೆ ಏನು ಗತಿ? ಆ ಹುಳುಗಳನ್ನು ಸುಂಕದಕಟ್ಟೆ ಕಡೆಯ ಹೊಲಗಳಲ್ಲಿ ಬಿಟ್ಟು ಬರುವುದು ಮಾವನ ಕೆಲಸ. ಬಿನ್ನಿಪೇಟೆಯ ಗಿರಣಿಯಲ್ಲಿ ಮೇಸ್ತ್ರಿಯಾಗಿ ಜನರನ್ನು ಗಡಗಡ ನಡುಗಿಸಿದ್ದ ಮನುಷ್ಯ, ಮಟಮಟ ಮಧ್ಯಾಹ್ನ ತಂಬಿಗೆ ಹಿಡಿದು ತಲೆ ತಗ್ಗಿಸಿಕೊಂಡು ಹೊರಡುತ್ತಿದ್ದರು.

ಒಂದು ದಿನ ಪಕ್ಕದ ಮನೆಯವರು ತಡೆಯಲಾರದೆ ಕೇಳಿದರು: "ಯಾಕ್ ಸಾರ್, ಮನೇಲೇ ಕಕ್ಕಸು ಇದ್ಯಲ್ಲ?"

"ಸೊಸೆ ಬಸುರಿ ಕಣಪ್ಪ" ಎಂದು ಮಾವ ಮುಂದೆ ನಡೆದರು. ಆ ಪುಣ್ಯಾತ್ಮ ಅಂದಿನಿಂದ ನನ್ನನ್ನು ಒಂಥರಾ ನೋಡುತ್ತಿದ್ದ.

ನನಗೆ ರೇಗಿಹೋಯಿತು. "ಹುಳಕ್ಕಿರೋ ಮರ್ಯಾದೆ ಈ ಮನೇಲಿ ನನಗಿಲ್ಲ ಅತ್ತೆ. ಬಿಸಿಲಿಗೆ ಹಾಕಿ ಸಾಯಿಸಿಬಿಡಿ" ಎಂದೆ.

ಅತ್ತೆ ಮೊರ ಕೆಳಗಿಟ್ಟರು. "ನಿನ್ ಗಂಡ ಹುಟ್ಟೋಕ್ ಮುಂಚೆ ಎರಡು ಕೂಸು ಹೋದ್ವು ಕಣೇ. ಮೊದಲ್ನೇ ಸಲ ಕಾಳು ಬಿಸಿಲಿಗೆ ಹಾಕಿದ್ದೆ. ಎರಡನೇ ಸಲ ಒಂದ್ ಇರುವೇನೂ ತುಳೀಲಿಲ್ಲ. ಅದೂ ಹೋಯ್ತು."

"ಮತ್ತೆ ಇದೆಲ್ಲ ಯಾಕೆ?"

"ಸುಮ್ನೆ ಕೂತಿರಕ್ಕಾಗಲ್ವಲ್ಲ" ಎಂದು ಅವರು ಮೊರ ಎತ್ತಿಕೊಂಡರು.

ನನ್ನ ಕೋಪವೆಲ್ಲ ಇಳಿದುಹೋಯಿತು. ಮಾರನೆಯ ದಿನದಿಂದ ನಾನೂ ಪಕ್ಕದಲ್ಲಿ ಕುಳಿತು ಹುಳ ಆರಿಸಿದೆ. ಅವರಷ್ಟು ನಯ ನನಗೆ ಬರಲಿಲ್ಲ, ಬೈಸಿಕೊಂಡೆ.

ಮಗಳು ಹುಟ್ಟಿದ್ದು ಬೆಳಗಿನ ಹೊತ್ತು. ಅವಳು ಚೀರಿದಳು, ಸೂಲಗಿತ್ತಿ ನಕ್ಕಳು, ಅತ್ತೆ ಮಾತ್ರ ಬಂದು ಮಗುವಿನ ಎದೆಯ ಮೇಲೆ ಕೈಯಿಟ್ಟು, ಅದು ಬಡಿಯುವುದನ್ನು ನೋಡಿ ಹೊರಟುಹೋದರು. ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ಅವರು ಅವರೆಕಾಳಿನ ಮೂಟೆಯನ್ನು ಎಳೆದು ತಂದು ಕಲ್ಲುಚಪ್ಪಡಿಯ ಮೇಲೆ ಸುರಿದರು. ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಹುಳುಗಳನ್ನು ತುಳಿದರು, ಗೊಳೋ ಎಂದು ಅಳುತ್ತಾ ತುಳಿದರು. ಮಾವ ದೂರದಲ್ಲೇ ನಿಂತಿದ್ದರು, ತಡೆಯಲಿಲ್ಲ.

ಆಮೇಲೆ ಅತ್ತೆ ಕಾಲು ತೊಳೆದು ಒಳಗೆ ಬಂದು ಮಗುವನ್ನು ಎತ್ತಿಕೊಂಡರು.